ಅಂಬಿಗ ಕೆಂಚನ ಹರಕೆ

ಆಗ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಟೆರೇಸಿಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ಬೇಸಿಗೆ ರಜೆಯಲ್ಲಿ ನೀರಿನ ಟ್ಯಾಂಕಿನ ನೆರಳೇ ನಮ್ಮ ರಾಜ್ಯ. ಒಂದು ಕಡೆ ನಮ್ಮಜ್ಜಿ ಹಳೇ ಪಂಚೆಯ ಮೇಲೆ ಸಂಡಿಗೆ ಹರವಿ ಕಾಗೆ ಓಡಿಸುತ್ತಾ ಕೂತಿರುತ್ತಿದ್ದರು. ಇನ್ನೊಂದು ಕಡೆ ನಮ್ಮ ಆಟ.

ಆ ಆಟ ತಂದವನು ಎರಡನೇ ಮಹಡಿಯ ಸುಧಿಯಣ್ಣ. ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದು ಅವನಿಗೆ ಸಿಕ್ಕಿತ್ತು. ಅದರ ಪ್ರಕಾರ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮುಂದೇನು ಮಾಡುತ್ತೇವೆ ಅಂತ ಹೇಳಬೇಕು, ಸಾವು ಬದುಕು ದಾಳದ ಕೈಯಲ್ಲಿ. ಸತ್ತವರು ರಜೆ ಮುಗಿಯುವವರೆಗೆ ಹೊರಗೆ. ಪಕ್ಕದ ಮನೆಯ ಪ್ರಶಾಂತ ರಾಜಕುಮಾರನಾದ. ನಾನು ತಡವಾಗಿ ಹೋದ್ದರಿಂದ ನನಗೆ ಉಳಿದದ್ದು ಅಂಬಿಗ ಕೆಂಚ. ಕತ್ತಿಯಿಲ್ಲ, ಮಂತ್ರವಿಲ್ಲ, ಒಂದು ದೋಣಿ ಅಷ್ಟೆ. ಆದರೂ ಅವನನ್ನು ನಾನು ಜೀವದಷ್ಟು ಹಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ನಡುಹೊಳೆಯಲ್ಲಿ ಕೆಂಚನಿಗೆ ನೀರುಹಾವು ಕಚ್ಚಿತು.

"ಪುಟ್ಟಿ, ದಾಳ ಹಾಕು. ಆರು ಬಿದ್ರೆ ಉಳೀತಾನೆ, ಇಲ್ದಿದ್ರೆ ಹೋದ," ಅಂದ ಸುಧಿಯಣ್ಣ.

"ತಾಳು. ಕೆಂಚ ಹೊಳೆದೇವಿಗೆ ಹರಕೆ ಹೊರ್ತಾನೆ."

"ದೇವರೆಲ್ಲ ಪೂಜಾರಿ ಪಾತ್ರಕ್ಕೆ ಕಣೆ. ಅಂಬಿಗನಿಗೆ ಹರಕೆ ಅಂತ ರೂಲೇ ಇಲ್ಲ."

ನನಗೆ ರೇಗಿತು. "ನಿಮ್ಮಪ್ಪನಿಗೆ ಪ್ರಮೋಷನ್ ಆಗ್ಲಿ ಅಂತ ನಿಮ್ಮಮ್ಮ ಹರಕೆ ಹೊತ್ತಿದ್ರಲ್ಲ, ಅವರೇನು ಪೂಜಾರೀನಾ?"

"ಸಹೀ ಬಾತ್ ಹೈ," ಅಂದ ಪ್ರಶಾಂತ. ಸುಧಿಯಣ್ಣ ಪುಸ್ತಕ ತಿರುವಿದ, ತಲೆ ಕೆರೆದುಕೊಂಡ. ಪಂಚಾಯಿತಿ ಅಜ್ಜಿಯ ಹತ್ತಿರ ಹೋಯಿತು.

ಅಜ್ಜಿ ನಗಲಿಲ್ಲ. "ಏನು ಬಿಡ್ತಾನಂತೆ ನಿಮ್ಮ ಕೆಂಚ?"

"ಹಾಗಲಕಾಯಿ."

"ಬೇಡದ್ದು ಬಿಟ್ರೆ ಅದು ಹರಕೆಯಲ್ಲ, ಕಳ್ಳಾಟ. ಇಷ್ಟವಾದದ್ದು ಬಿಡಬೇಕು."

"ಹಾಗಾದ್ರೆ ಮಾವಿನಹಣ್ಣು. ಆಚೆ ದಡ ಸೇರೋ ತನಕ."

"ಕೆಂಚನಿಗೆಲ್ಲಿದೆ ಬಾಯಿ? ನೀನೇ ಬಿಡಬೇಕು."

ಅಪ್ಪ ಹಿಂದಿನ ದಿನ ಮಾಟುಂಗದಿಂದ ತಂದ ಹಾಪೂಸು ಮಾವಿನಹಣ್ಣಿನ ಪೇಟಿ ಮಂಚದ ಕೆಳಗೆ ಹುಲ್ಲಿನಲ್ಲಿ ಘಮಘಮಿಸುತ್ತಿತ್ತು. "ಆದ್ರೆ ಅಜ್ಜಿ, ಹೊಳೆದೇವಿ ನಾವೇ ಕಟ್ಟಿದ ದೇವರು," ಅಂದೆ ಮೆಲ್ಲಗೆ.

"ಯಾರು ಕಟ್ಟಿದ್ರೇನೆ? ಕೊಟ್ಟ ಮಾತು ನಿನ್ನದು ತಾನೇ?"

ಒಪ್ಪಿದೆ. ಹರಕೆ ಹೊತ್ತವರಿಗೆ ದಾಳ ಇನ್ನೊಮ್ಮೆ ಹಾಕುವ ಹಕ್ಕು ಅಂತ ಸುಧಿಯಣ್ಣ ಅಲ್ಲೇ ರೂಲು ಮಾಡಿದ. ಮೊದಲು ಬಿದ್ದದ್ದು ಎರಡು. ಕಣ್ಣು ಮುಚ್ಚಿ ಮತ್ತೆ ಹಾಕಿದೆ. ಪ್ರಶಾಂತ ಕಿರುಚಿದ ಮೇಲೆಯೇ ಕಣ್ಣು ಬಿಟ್ಟದ್ದು. ಆರು! ನನಗೆ ಅಳುವೇ ಬಂತು.

ಅವತ್ತು ರಾತ್ರಿ ಊಟಕ್ಕೆ ಚಪಾತಿ, ಮಾವಿನಹಣ್ಣಿನ ಸೀಕರಣೆ. ಅಮ್ಮ ಸೌಟು ಎತ್ತಿದಾಗ ಅಜ್ಜಿ ಅಂದರು, "ಅವಳಿಗೆ ಬೇಡ. ಅವಳದೊಂದು ಹರಕೆ ಇದೆ." ದೊಡ್ಡವರ ಉಪವಾಸದ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು. ಬಾಯಲ್ಲಿ ನೀರೂರುತ್ತಿದ್ದರೂ ಹೆಮ್ಮೆಯಿಂದ ಬೀಗಿದೆ.

ಮರುದಿನದಿಂದ ಆಟವೇ ಬೇರೆಯಾಯಿತು. ಪ್ರಶಾಂತನ ರಾಜಕುಮಾರ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ದೋಣಿ ಮುಂದೆ ಸಾಗಲು ಬಿಡುತ್ತಿರಲಿಲ್ಲ. ಹೊಳೆಗೆ ಉಗುಳಿದ ಸೈನಿಕನನ್ನು ಕೆಂಚ ಗದರಿದ. ಪುಸ್ತಕ ಬರೆದವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿತ್ತು ಅಂತ ಈಗಲೂ ಧೈರ್ಯವಾಗಿ ಹೇಳುತ್ತೇನೆ.

ಮಳೆ ಶುರುವಾಗುವ ಹೊತ್ತಿಗೆ ಸುಧಿಯಣ್ಣನ ಅಪ್ಪನಿಗೆ ನಾಗಪುರಕ್ಕೆ ವರ್ಗವಾಯಿತು. ಪುಸ್ತಕವೂ ಹೋಯಿತು. ದೋಣಿ ಆಚೆ ದಡ ಸೇರದೆ ನಡುಹೊಳೆಯಲ್ಲೇ ನಿಂತಿತು.

ಈಗ ಆ ಬಿಲ್ಡಿಂಗ್ ಇಲ್ಲ, ಅದರ ಜಾಗದಲ್ಲಿ ಟವರ್ ಎದ್ದಿದೆ. ನನ್ನ ಮಗ ಮೊಬೈಲಿನಲ್ಲಿ ಆಡುತ್ತಾನೆ. ಅವನ ವೀರ ಸತ್ತರೆ ಬಟನ್ ಒತ್ತುತ್ತಾನೆ, ವೀರ ಎದ್ದು ನಿಲ್ಲುತ್ತಾನೆ. ಯಾರೂ ಏನನ್ನೂ ಬಿಡಬೇಕಾಗಿಲ್ಲ. ಹರಕೆ ಬಿಡಿಸಬಲ್ಲ ಅಜ್ಜಿ ಇಲ್ಲ, ಕಥೆ ಮುಂದುವರಿಸಬೇಕಾದ ಸುಧಿಯಣ್ಣ ಎಲ್ಲಿದ್ದಾನೋ ತಿಳಿಯದು. ಪ್ರತಿ ಬೇಸಿಗೆಯಲ್ಲೂ ಹಾಪೂಸಿನ ಪೇಟಿ ಮನೆಗೆ ಬರುತ್ತದೆ. ಎಲ್ಲರಿಗೂ ಹೆಚ್ಚಿ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ.

"ಒಂದು ಹೋಳು ತಿನ್ನಮ್ಮ, ಏನಾಗುತ್ತೆ?" ಅನ್ನುತ್ತಾನೆ ಮಗ.

ನಾನು ತಿಂದರೆ ಕೆಂಚ ಮುಳುಗುತ್ತಾನೆ.