ಗುಲಾಬಿ ಬಣ್ಣದ ಕೋಳಿಮರಿ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಬಣ್ಣದ ಕೋಳಿಮರಿ ಮಾರುವವನು ಬಂದು ಕೂರುತ್ತಿದ್ದ. ಫಾರಂನವರು ಬೇಡವೆಂದು ತಳ್ಳಿದ ಗಂಡುಮರಿಗಳಿಗೆ ಹಸಿರು, ನೀಲಿ, ಗುಲಾಬಿ ಬಣ್ಣ ಬಳಿದು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡಿರುತ್ತಿದ್ದ. ನಿಮ್ಮ ಮನೆಗೂ ಅಂಥದ್ದೊಂದು ಬಂದಿರುತ್ತದೆ, ವಾರದೊಳಗೆ ಸತ್ತೂ ಇರುತ್ತದೆ.

ನನ್ನ ತಂಗಿ ಸವಿತ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಮರಿ ಬೇಕೆಂದು ನೆಲದ ಮೇಲೆ ಬಿದ್ದು ಹೊರಳಾಡಿದಳು. ನಮ್ಮೂರ ಕಡೆಯ ಅರಕೆರೆ ಬಸ್ಸು ಹೊರಡುವುದರಲ್ಲಿತ್ತು. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಬೆನ್ನಿಗೊಂದು ಗುದ್ದಿದ. ಅವಳು ಇನ್ನೂ ಜೋರಾಗಿ ಅತ್ತಳು, ಜನ ತಿರುಗಿ ನೋಡಿದರು. ಮರ್ಯಾದೆ ಹೋಯಿತೆಂದು ಗುಲಾಬಿ ಮರಿಯೊಂದನ್ನು ಕೊಂಡು ಅವಳ ಮಡಿಲಿಗೆ ಹಾಕಿದ. ದಾರಿಯುದ್ದಕ್ಕೂ ಅದು ಚಿಂವ್‌ಗುಟ್ಟಿತು. ಬೆವರಿಗೆ ಅವಳ ಅಂಗೈಯೆಲ್ಲ ಗುಲಾಬಿಯಾಯಿತು.

ಮನೆಯಲ್ಲಿ ತನ್ನ ಮರಿಗಳ ಜೊತೆ ನಾಟಿ ಹ್ಯಾಟೆಕೋಳಿಯೊಂದು ಬಿದಿರು ಮಂಕರಿಯ ಕೆಳಗಿತ್ತು. ಹೊರಗಿನ ಮರಿಯನ್ನು ತಾಯಿಕೋಳಿಗೆ ಸೇರಿಸುವುದಾದರೆ, ಕತ್ತಲಾದ ಮೇಲೆ ಸದ್ದಿಲ್ಲದೆ ಹೊಟ್ಟೆಯಡಿ ತಳ್ಳಬೇಕು. ಬೆಳಗಾಗುವಷ್ಟರಲ್ಲಿ ಕೋಳಿ ಅದನ್ನು ತನ್ನದೇ ಅಂದುಕೊಳ್ಳುತ್ತದೆ. ಮುದ್ದೆ ತೊಳಸುತ್ತಿದ್ದ ಅಜ್ಜಿ ಒಳಗಿನಿಂದಲೇ ಅದನ್ನೇ ಹೇಳಿದಳು.

"ಹೊತ್ತು ಮುಳುಗ್ಲಿ ತಡೀಲಾ. ಈಗ ಬುಟ್ರೆ ಕುಕ್ಕಿ ಸಾಯಿಸ್ಬುಡ್ತದೆ."

"ಕೋಳಿಗೇನವ್ವ ಗೊತ್ತಾಯ್ತದೆ ಬಣ್ಣ," ಎಂದು ಅಪ್ಪ ಮಂಕರಿ ಎತ್ತಿ ಮರಿಯನ್ನು ಒಳಗೆ ಬಿಟ್ಟ.

ಹ್ಯಾಟೆ ಪುಕ್ಕ ಕೆದರಿಕೊಂಡಿತು. ಮೊದಲ ಏಟು ಕಣ್ಣಿಗೆ, ಆಮೇಲಿನವು ತಲೆಗೆ. ಬಣ್ಣ ಯಾವುದು ರಕ್ತ ಯಾವುದು ತಿಳಿಯಲಿಲ್ಲ. ಬಿಡಿಸಲು ಕೈಹಾಕಿದ ಸವಿತಳ ಕೈಯನ್ನೂ ಅದು ಕುಕ್ಕಿ ಗಾಯ ಮಾಡಿತು. ಅವಳು ಚೀರಿದ್ದೇ ತಡ, ಅಪ್ಪ ಹ್ಯಾಟೆಯ ಕಾಲು ಹಿಡಿದೆಳೆದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದ. ಒಂದೇ ಏಟಿಗೆ ಅದರ ಕತ್ತು ಜೋತುಬಿತ್ತು. ಆದರೂ ಬಡಿಯುತ್ತಲೇ ಇದ್ದ. ಸವಿತಳ ಮುಖಕ್ಕೆ ರಕ್ತ ಸಿಡಿಯಿತು.

"ನೋಡು ಮಗ, ನಿನ್ ಮರಿ ಕೊಂದುದ್ದ ಕೊಂದಾಕ್ಬುಟ್ಟೆ. ಇನ್ ಅಳ್ಬ್ಯಾಡ," ಎಂದ, ಏದುಸಿರು ಬಿಡುತ್ತಾ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ.

ಅವಳು ತಟ್ಟನೆ ಅಳು ನಿಲ್ಲಿಸಿದಳು.

ಸಂಜೆ ಮನೆಯೆಲ್ಲ ಕೋಳಿಸಾರಿನ ಘಮ. ನಾನು ತಿಂದೆ, ರುಚಿಯಾಗಿಯೇ ಇತ್ತು. ಸವಿತ ತಟ್ಟೆ ಮುಟ್ಟಲಿಲ್ಲ. ಮರುದಿನದಿಂದ ತಾಯಿಯಿಲ್ಲದ ಮರಿಗಳು ಹಿತ್ತಿಲಲ್ಲಿ ಕೂಗುತ್ತಾ ಅಲೆದವು. ಅಪ್ಪ ಕೋಲು ಹಿಡಿದು ಕಾದರೂ ಕಾಗೆ, ಬೆಕ್ಕು ಅವನ ಕಣ್ಣು ತಪ್ಪಿಸಿ ಒಂದೊಂದಾಗಿ ಎತ್ತಿಕೊಂಡು ಹೋದವು.

ಆಮೇಲೆ ಸವಿತ ಬೀದಿಯಲ್ಲಿ ಹೊರಳಾಡಲಿಲ್ಲ. ಬಲೂನು ಕೇಳಲಿಲ್ಲ, ಬಳೆ ಕೇಳಲಿಲ್ಲ. ಮದುವೆಗೆ ಯಾವ ಬಣ್ಣದ ಸೀರೆ ಬೇಕೆಂದೂ ಹೇಳಲಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ಊರೆಲ್ಲ ಹೊಗಳಿತು. ಹಠಮಾರಿ ತಂಗಿಯೊಬ್ಬಳಿದ್ದಳಲ್ಲ, ಅವಳನ್ನು ನಾನು ಈಗಲೂ ಹುಡುಕುತ್ತಿರುತ್ತೇನೆ.

ಅಪ್ಪ ಈಗ ಮೆತ್ತಗಾಗಿದ್ದಾನೆ. ಅವಳು ತವರಿಗೆ ಬಂದಾಗಲೆಲ್ಲ, ಪೇಟೆಗೆ ಹೊರಟವನು ಬಾಗಿಲಲ್ಲಿ ನಿಂತು ಕೇಳುತ್ತಾನೆ.

"ಏನಾರ ತರ್ಲೇನವ್ವ?"

"ಏನೂ ಬ್ಯಾಡ ಕಣಪ್ಪ."

ಚಪ್ಪಲಿ ಮೆಟ್ಟಿಕೊಂಡ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಾನೆ.