ರೇಷ್ಮೆ ಶಾಲಿಗೆ ಹುಣಸೆಬೀಜದ ಗಂಜಿ

ಮರಳಯ್ಯನಕೊಪ್ಪಲಿನ ಚಿಕ್ಕಬಸಮ್ಮನ ಎದೆಯೊಳಗೆ ಹೊಗೆಸೊಪ್ಪಿನ ಘಾಟು ಕೂತು ವರ್ಷಗಳೇ ಆಗಿದ್ದವು. ಹುಣಸೂರಿನ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಒತ್ತಿ ಕೇಳಿ, "ಬ್ಯಾರನ್ ಕೆಲಸ ಬಿಟ್ಟರೆ ಬದುಕ್ತೀಯಮ್ಮ, ಬಿಡದಿದ್ದರೆ ನಾನು ಮಾತ್ರೆ ಕೊಟ್ಟು ಪ್ರಯೋಜನವಿಲ್ಲ" ಎಂದು ಮುಖಕ್ಕೆ ಹೇಳಿದ್ದರು. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲ. ಆ ಸೀಮೆಯಲ್ಲಿ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ ಎಂಬ ಒಲೆಮನೆಯಲ್ಲಿ ಬೇಯಿಸಿದ ಮೇಲೆ ಬಣ್ಣ ನೋಡಿ ವಿಂಗಡಿಸುವುದು, ಇಷ್ಟನ್ನು ಬಿಟ್ಟರೆ ಹೆಂಗಸರ ಕೈಗೆ ವರ್ಷವಿಡೀ ಸಿಗುವ ಕೆಲಸ ಯಾವುದಿದೆ? ಕೈ ಕೆಸರಾದರೆ ಬಾಯಿ ಮೊಸರು ಎಂದ ಪುಣ್ಯಾತ್ಮ ಹೊಗೆಸೊಪ್ಪು ಕಟ್ಟಿದವನಲ್ಲ, ಅದಂತೂ ಖಂಡಿತ.

ಅವಳ ಗಂಡ ಕಂಠಪ್ಪ ಕೊಡಗಿನ ಕಾಫಿ ತೋಟದಲ್ಲಿದ್ದ. ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಪುಟ್ಟನಿಂಗಮ್ಮ. ಕುರುಬರ ಮನೆ ಅದು. ಒಂದು ಕಾಲಕ್ಕೆ ನಡುಮನೆಯಲ್ಲಿ ಕಂಬಳಿಯ ಮಗ್ಗವಿತ್ತು. ಮಿಲ್ಲಿನ ಚಾದರಗಳು ಸಂತೆಗೆ ಬಂದು ಸುರಿದ ಮೇಲೆ ಮಗ್ಗದ ಗುಂಡಿಗೆ ಮಣ್ಣು ತುಂಬಿ ನೆಲ ಸಾರಿಸಿಬಿಟ್ಟರು. ಪುಟ್ಟನಿಂಗಮ್ಮ ನೇಯ್ದವಳಲ್ಲ, ಗಂಜಿ ಹಾಕಿದವಳು. ಹುಣಸೆಬೀಜವನ್ನು ಹುರಿದು, ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಕುಂಚದಲ್ಲಿ ಅವಳು ಬಳಿದಳೆಂದರೆ ಕಂಬಳಿ ಸೆಟೆದು ನಿಲ್ಲುತ್ತಿತ್ತು, ಜಡಿಮಳೆಯಲ್ಲೂ ಒಂದು ಹನಿ ಒಳಗೆ ಬಿಡುತ್ತಿರಲಿಲ್ಲ. ಸುತ್ತೇಳು ಹಳ್ಳಿಯವರು ಕಂಬಳಿ ಹೊತ್ತು ಅವಳ ಜಗಲಿಗೆ ಬರುತ್ತಿದ್ದರಂತೆ. ಗಂಜಿ ಕಾಣದ ಉಣ್ಣೆಯನ್ನು ಹೊಸಿಲು ದಾಟಿಸಬಾರದು, ಅದು ಬೆತ್ತಲೆ ಹೆಣ್ಣನ್ನು ಬೀದಿಗೆ ಕಳಿಸಿದ ಹಾಗೆ ಎನ್ನುವುದು ಆ ಮನೆಯ ಕಟ್ಟಳೆ. ಈಗ ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹಾಸಿಗೆ ಸವರುವುದು, ಗೋಣಿ ಸವರುವುದು, ಬಂದವರ ಮೈಮೇಲಿನ ಬಟ್ಟೆಯ ಅಂಚು ಹಿಡಿದು ಇದು ಯಾವ ನೂಲು ಎಂದು ಹೇಳುವುದು.

ಎರಡು ಸಾವಿರದ ಮೂರರಲ್ಲಿ ಹೆಲೆನ್ ಎಂಬ ಆಸ್ಟ್ರೇಲಿಯಾದ ಹೆಂಗಸೊಬ್ಬಳು ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ ಹಿಡಿದು, ಹೆಂಗಸರಿಗೆ ಒಂದು ವಿಚಿತ್ರ ಕಸುಬು ಕಲಿಸತೊಡಗಿದಳು. ನೇಯ್ಗೆಯಿಲ್ಲ, ಹೊಲಿಗೆಯಿಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ರೇಷ್ಮೆ ಹಾಸಿ, ಅದರ ಮೇಲೆ ಅವಳ ದೇಶದ ನುಣುಪು ಉಣ್ಣೆಯನ್ನು ಎಳೆಎಳೆಯಾಗಿ ಬಿಡಿಸಿ ಹರಡಿ, ಸೋಪಿನ ನೀರು ಚಿಮುಕಿಸಿ, ಕೊಳವೆಗೆ ಸುತ್ತಿ, ಮೊಣಕೈವರೆಗೂ ಭಾರ ಹಾಕಿ ಉರುಳಿಸಬೇಕು. ಉರುಳಿಸುತ್ತ ಉರುಳಿಸುತ್ತ ಉಣ್ಣೆ ರೇಷ್ಮೆಯೊಳಗೆ ಇಳಿದು ಆ ಕಡೆ ಮೊಳೆಯುತ್ತದೆ. ಕೊನೆಗೆ ಬಿಸಿನೀರಿಗೆ ಹಾಕಿ ಹದವಾಗಿ ಕುಕ್ಕಿದರೆ ಉಣ್ಣೆ ಕುಗ್ಗಿ, ರೇಷ್ಮೆ ಸುಕ್ಕುಸುಕ್ಕಾಗಿ, ಕೊರಳಿಗೆ ಸುತ್ತುವ ಶಾಲು ಆಗುತ್ತದೆ. ಅದರ ಹೆಸರು ನೂನೊ. ನಮ್ಮ ಹೆಂಗಸರು ಅದಕ್ಕೆ ನೂನಮ್ಮ ಎಂದು ನಾಮಕರಣ ಮಾಡಿ ನಕ್ಕರು. ಉಣ್ಣೆ ಎಲ್ಲಿ ಕುಗ್ಗಿಬಿಡುತ್ತದೋ ಎಂದು ಹೆದರಿಕೊಂಡೇ ಬಾಳಿದ ವಂಶದವಳಿಗೆ, ಬೇಕೆಂದೇ ಕುಗ್ಗಿಸು ಎಂದರೆ ನಗು ಬಾರದೆ ಇರುತ್ತದೆಯೇ? ಆದರೆ ಚಿಕ್ಕಬಸಮ್ಮನ ಕೈಗೆ ಅದು ಬೇಗ ಒಲಿಯಿತು. ಎರಡು ಮಳೆಗಾಲ ಅವಳು ಬ್ಯಾರನ್ನಿನ ಕಡೆ ತಲೆ ಹಾಕಲಿಲ್ಲ. ಕೆಮ್ಮು ಇಳಿಯಿತು. ನೀರಿನ ಕೊಡ ಹೊತ್ತು ಏರಿ ಹತ್ತುವಾಗ ನಿಲ್ಲದೆ ಹತ್ತುತ್ತಿದ್ದಳು.

ಆಮೇಲೆ ಹೆಲೆನ್ ತನ್ನ ದೇಶಕ್ಕೆ ಹೊರಟುಹೋದಳು. ಕೇಂದ್ರ ನೋಡಿಕೊಳ್ಳುತ್ತಿದ್ದ ಸುನಂದಮ್ಮ ಬೆಂಗಳೂರಿನ ಅಂಗಡಿಯೊಂದನ್ನು ಹಿಡಿದಳು. ಒಂದು ಹೊರೆ ಶಾಲು ನೋಡಿ ಒಪ್ಪಿದರೆ ಅಂಗಡಿಯವರೇ ಉಣ್ಣೆ ತರಿಸಿ ಕೇಂದ್ರ ನಡೆಸುತ್ತಾರೆ, ಒಪ್ಪದಿದ್ದರೆ ಬಾಗಿಲು ಮುಚ್ಚುವುದೇ ಸೈ. ಉಳಿದಿದ್ದ ಉಣ್ಣೆಯೆಲ್ಲ ಆ ಹೊರೆಗೇ ಮುಗಿಯಿತು. ಬಾಡಿಗೆ ಮನೆಯವರು ಸೌದೆ ಒಲೆ ಹಚ್ಚಲು ಬಿಡದ ಕಾರಣ ಕೊನೆಯ ಬಿಸಿನೀರಿನ ಕೆಲಸವನ್ನು ಚಿಕ್ಕಬಸಮ್ಮ ತನ್ನ ಮನೆಯ ಹಂಡೆಯಲ್ಲೇ ಮಾಡುತ್ತಿದ್ದಳು. ಅಂದೂ ಮಾಡಿದಳು. ಯಾವಾಗಲೂ ಕೇಂದ್ರಕ್ಕೆ ಒಯ್ದು ಒಣಗಿಸುತ್ತಿದ್ದ ಶಾಲುಗಳನ್ನು ಅಂದು ಹೊತ್ತಿಲ್ಲದೆ ಜಗಲಿಯ ಹಗ್ಗಕ್ಕೇ ಹರವಿ, ಅವುಗಳನ್ನು ನೋಡಿ ತಾನೇ ಒಂದು ಗಳಿಗೆ ನಿಂತಳು. ಅಷ್ಟು ಚೆನ್ನಾಗಿ ಅವಳ ಕೈಯಿಂದ ಯಾವತ್ತೂ ಬಂದಿರಲಿಲ್ಲ.

"ಅತ್ತೆ, ಹುಣಸೂರಿಗೋಗಿ ಸುತ್ತಕ್ಕೆ ಕಾಗ್ದ ತತ್ತೀನಿ. ನಾಳಿಕೆ ಬೆಂಗ್ಳೂರೋರು ಬತ್ತಾರೆ. ಕೋಳಿ ಬರ್ದಂಗೆ ಇಲ್ಲೇ ಕುಂತಿರಿ" ಎಂದಳು.

"ಓಗ್ಬಾ ಕಣವ್ವ, ನಾನಿಲ್ವಾ" ಎಂದಳು ಮುದುಕಿ.

ಇದ್ದಳು, ಅದೇ ಆದದ್ದು. ಕೂತವಳು ಹಗ್ಗಕ್ಕೆ ಕೈ ಚಾಚಿ ಒಂದು ಶಾಲು ಸವರಿದಳು. ಉಣ್ಣೆ. ಆದರೆ ಕಸುವೇ ಇಲ್ಲ, ಜೋತುಬಿದ್ದಿದೆ. ಇನ್ನೊಂದು ಸವರಿದಳು. ಅದೂ ಹಾಗೆಯೇ. ಬೆಂಗಳೂರಿನವರು ಬರುತ್ತಾರೆ, ಸೊಸೆ ಗಂಜಿ ಹಾಕುವುದನ್ನೇ ಮರೆತಿದ್ದಾಳೆ. ಪಾಪ, ಒಬ್ಬಳೇ ಎಷ್ಟೆಂದು ಮಾಡಿಯಾಳು? ಮುದುಕಿ ತಡವರಿಸುತ್ತ ಅಟ್ಟದ ಕೆಳಗಿನ ಮಡಕೆಯಿಂದ ಹುರಿದ ಬೀಜ ತೆಗೆದಳು, ಕುಟ್ಟಿದಳು, ಸೋಸಿದಳು, ಗಂಜಿ ಕಾಯಿಸಿದಳು. ಹಳೆಯ ಕುಂಚ ಸಿಕ್ಕಿತು. ಒಂದೊಂದೇ ಶಾಲನ್ನು ಚಾಪೆಯ ಮೇಲೆ ಹಾಸಿ, ಅಂಚು ಬಿಡದೆ, ಒಂದು ಗಂಟೂ ನಿಲ್ಲದ ಹಾಗೆ ಬಳಿದು ಬಿಸಿಲಿಗೆ ಹಾಕಿದಳು. ಆ ಕೆಲಸದಲ್ಲಿ ಒಂದು ತಪ್ಪು ಹುಡುಕಲು ಯಾರಿಂದಲೂ ಸಾಧ್ಯವಿರಲಿಲ್ಲ.

ಸಂಜೆ ಬಂದ ಚಿಕ್ಕಬಸಮ್ಮ ಅಂಗಳದಲ್ಲಿ ಕಂಡದ್ದು ಹಪ್ಪಳದಂತೆ ಸೆಟೆದು ಕಂದು ಬಣ್ಣಕ್ಕೆ ತಿರುಗಿದ ಶಾಲುಗಳನ್ನು. "ನೋಡವ್ವ, ಈಗ ಎಂಗವೆ. ಬೋ ದಿನ ಆಗಿತ್ತು ಕುಂಚ ಇಡ್ದು" ಎಂದು ಮುದುಕಿ ಮುಖ ಅರಳಿಸಿದಳು. ಚಿಕ್ಕಬಸಮ್ಮ ಆ ಮುಖ ನೋಡಿದಳು. "ಚೆಂದಾಗವೆ ಕಣತ್ತೆ" ಎಂದಳು. ಅತ್ತೆ ಒಳಗೆ ಹೋಗಿ ಮಲಗಿದ್ದೇ ತಡ, ಹಿತ್ತಿಲ ಹಂಡೆಗೆ ಉರಿ ಹಾಕಿದಳು. ತಣ್ಣೀರಿಗೆ ಗಂಜಿ ಬಿಡಲಿಲ್ಲ. ಬಿಸಿನೀರಿಗೆ ಬಿಡತೊಡಗಿತು, ಆದರೆ ಉಜ್ಜದೆ ಪೂರ್ತಿ ಬಿಡಲಿಲ್ಲ. ಬಿಸಿನೀರಿನಲ್ಲಿ ಉಜ್ಜಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಉಜ್ಜಿದಳು. ಮತ್ತೇನು ಮಾಡಬೇಕಿತ್ತು ಹೇಳಿ. ಕೊನೆಗೆ ಕೈಯಲ್ಲಿ ಉಳಿದದ್ದು ಮಸಿಬಟ್ಟೆಯಷ್ಟಗಲದ ದಪ್ಪ ತುಂಡುಗಳು. ರೇಷ್ಮೆ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

ಮಾರನೆಯ ದಿನ ಕೇಂದ್ರಕ್ಕೆ ಬಂದ ಬೆಂಗಳೂರಿನಾಕೆ ಒಂದನ್ನು ಎತ್ತಿ ನೋಡಿ, ಮೆಲ್ಲಗೆ ಮಡಿಸಿ, ಇದ್ದಲ್ಲೇ ಇಟ್ಟು, ಕಾಫಿಯನ್ನೂ ಕುಡಿಯದೆ ಹೋದಳು. ಸುನಂದಮ್ಮ ಚಿಕ್ಕಬಸಮ್ಮನ ರಟ್ಟೆ ಹಿಡಿದಳು.

"ಯಾರು ಮಾಡಿದ್ದೇ ಇದು? ನೀನು ಮಾಡೋಳಲ್ಲ."

"ನಾನೇ ಕಣಕ್ಕ. ನೀರು ಜಾಸ್ತಿ ಕಾದೋಯ್ತು."

ಅತ್ತೆಯ ಹೆಸರು ಹೇಳಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಹುಣಸೂರಿನಲ್ಲಿ ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ಆ ನಗು ಪುಟ್ಟನಿಂಗಮ್ಮನ ಜಗಲಿಯವರೆಗೆ ಹೋಗುವುದು ಅವಳಿಗೆ ಬೇಡವಾಗಿತ್ತು. ಕೇಂದ್ರ ಮುಚ್ಚಿತು. ಹೊಗೆಸೊಪ್ಪಿನ ಸುಗ್ಗಿ ಬಂತು. ಚಿಕ್ಕಬಸಮ್ಮ ಸೆರಗಿನಿಂದ ಮೂಗು ಕಟ್ಟಿಕೊಂಡು ಊರ ಸಾಹುಕಾರ ವೀರಭದ್ರಸ್ವಾಮಿಯವರ ಬ್ಯಾರನ್ನಿಗೆ ಹೋದಳು. ಮನೆಯಲ್ಲಿ ಮಾತ್ರ ಹುಣಸೂರಿಗೆ ಹೋಗುತ್ತಿದ್ದೇನೆ ಎಂದಳು. ಶಾಲು ಮೆಚ್ಚಿದರೇ ಎಂದು ಅತ್ತೆ ಕೇಳಿದಾಗ, ಬಹಳ ಮೆಚ್ಚಿದರು ಎಂದಳು. ಮುದುಕಿ ದಾರಿಹೋಕರನ್ನೆಲ್ಲ ಕೂರಿಸಿಕೊಂಡು, ತನ್ನ ಗಂಜಿ ಬೆಂಗಳೂರು ಕಂಡಿತೆಂದು ಹೇಳಿದ್ದೇ ಹೇಳಿದ್ದು.

ಕಣ್ಣು ಹೋದರೆ ಮೂಗೂ ಹೋಗುತ್ತದೆಯೇ? ಒಂದು ಸಂಜೆ ಸೊಸೆ ಕೆಮ್ಮುತ್ತ ಬಂದು ಕಂಬಕ್ಕೆ ಒರಗಿ ಕೂತಾಗ ಪುಟ್ಟನಿಂಗಮ್ಮ ಅವಳ ಸೀರೆ ಹಿಡಿದು ಮೂಸಿದಳು. ಆಮೇಲೆ ಬೆರಳುಗಳನ್ನು ಮುಟ್ಟಿ ನೋಡಿದಳು. ಹೊಗೆಸೊಪ್ಪಿನ ಅಂಟು.

"ಸುಳ್ಳು ಯೋಳ್ಬ್ಯಾಡ ಕಣವ್ವ. ನಾನ್ ಮಾಡಿದ್ದು ಕೆಡ್ತಾ?"

ಬೇರೆ ದಿನವಾಗಿದ್ದರೆ ಇಲ್ಲ ಎನ್ನುತ್ತಿದ್ದಳು. ಆ ದಿನ ಅವಳಿಗೆ ಉಸಿರು ಎಳೆದುಕೊಳ್ಳುವುದೇ ಸಾಕಾಗಿತ್ತು. ಇನ್ನೊಂದು ಸುಳ್ಳು ಕಟ್ಟುವಷ್ಟು ತ್ರಾಣ ಉಳಿದಿರಲಿಲ್ಲ.

"ಊಂ ಕಣತ್ತೆ. ಕೆಡ್ತು."

ಮುದುಕಿ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. ಆ ಕೈ ಆಮೇಲೆ ಹೊರಗೆ ಬರಲಿಲ್ಲ. ಹಾಸಿಗೆ ಸವರಲಿಲ್ಲ, ಬಂದವರ ಬಟ್ಟೆ ಮುಟ್ಟಲಿಲ್ಲ, ಗಂಗಳ ಮುಂದಿಟ್ಟರೆ ಅದರ ಕಡೆಗೂ ಚಾಚಲಿಲ್ಲ. "ಉಣ್ಣಿ ಅತ್ತೆ, ಓಗಿದ್ದು ಓಯ್ತು ಬುಡಿ" ಎಂದು ಚಿಕ್ಕಬಸಮ್ಮ ಕಾಲು ಹಿಡಿದು ಕೇಳಿದರೂ ಇಲ್ಲ. ಈಗ ದಿನಾ ಬ್ಯಾರನ್ನಿಗೆ ಹೊರಡುವ ಮುಂಚೆ ಅವಳೇ ಮುದ್ದೆ ಮುರಿದು, ಸಾರಿಗೆ ಅದ್ದಿ, ಅತ್ತೆಯ ಬಾಯಿಗೆ ಇಡುತ್ತಾಳೆ. ಮುದುಕಿ ಬಾಯಿ ತೆರೆದು ನುಂಗುತ್ತಾಳೆ. ಸೊಸೆಗೆ ಕೆಮ್ಮು ಬಂದಾಗ ಅದು ನಿಲ್ಲುವವರೆಗೂ ಬಾಯಿ ತೆರೆದುಕೊಂಡೇ ಕಾಯುತ್ತಾಳೆ.