ನನಗೊಬ್ಬನಿಗೆ ಒರಗದ ನಾಯಿ

ನಾಯಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಐದು ವರ್ಷ ಪಟ್ಟದ್ದನ್ನು ಪಡಲಿಲ್ಲ ಎಂದು ಹೇಗೆ ಬರೆಯಲಿ. ನಾನು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವನು. ಇಷ್ಟು ಕಷ್ಟಪಟ್ಟು ಒತ್ತುವಾಗ ಸುಳ್ಳು ಒತ್ತಲು ಮನಸ್ಸು ಬರುವುದಿಲ್ಲ.

ಆ ನಾಯಿ ನಮ್ಮ ಮನೆಗೆ ಬಂದದ್ದು ನಾವು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಗ. ಹೆಂಡತಿಗೆ ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಅವಳ ವೀಸಾದ ಬಾಲ ಹಿಡಿದು ಬಂದ ನಾನು ತರಕಾರಿಯ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಮಗಳಿಗೆ ಆಗ ಹದಿಮೂರು. ಒಂದು ಶನಿವಾರ ಸ್ವಾನ್ ವ್ಯಾಲಿಗೆ ದ್ರಾಕ್ಷಿ ತರಲು ಹೋದೆವು. ತೋಟದ ಬಾಗಿಲಲ್ಲಿ ದ್ರಾಕ್ಷಿ ಮಾರುತ್ತಿದ್ದ ಹೆಂಗಸಿನ ಪಕ್ಕ ಮೂರು ಉದ್ದುದ್ದ ನಾಯಿಗಳು ಮಲಗಿದ್ದವು. ರೇಸಿನಲ್ಲಿ ಓಡಿ ಓಡಿ ನಿವೃತ್ತಿಯಾದ ಗ್ರೇಹೌಂಡುಗಳಂತೆ. ಯಾರಾದರೂ ಮನೆಗೆ ಕರೆದುಕೊಂಡು ಹೋಗುವ ತನಕ ಆಕೆ ಅವುಗಳನ್ನು ಇಟ್ಟುಕೊಂಡು ಸಾಕುತ್ತಿದ್ದಳು. ಅವುಗಳಲ್ಲೊಂದು ಎದ್ದಿತು. ಕಂದು ಮೈ, ಮೈಮೇಲೆಲ್ಲ ಕಪ್ಪು ಗೀರು, ಎರಡು ಕಿವಿಯ ಒಳಗೂ ಹಸಿರು ಹಚ್ಚೆಯಲ್ಲಿ ಬರೆದ ಅಕ್ಷರ. ನೆಟ್ಟಗೆ ನನ್ನ ಹೆಂಡತಿಯ ಹತ್ತಿರ ಬಂದು ಪಕ್ಕಕ್ಕೆ ತಿರುಗಿ, ಗೋಡೆಗೆ ಒರಗಿದ ಹಾಗೆ ಅವಳ ತೊಡೆಗೆ ಮೈಯೆಲ್ಲ ಒರಗಿಸಿ ನಿಂತುಬಿಟ್ಟಿತು.

ಈ ಜಾತಿಯ ನಾಯಿ ನೆಕ್ಕುವುದು, ಮೈಮೇಲೆ ಹಾರುವುದು ಕಡಿಮೆಯಂತೆ. ನಂಬಿಕೆ ಬಂದವರ ಕಾಲಿಗೆ ತನ್ನ ಭಾರ ಹಾಕುತ್ತದೆ, ಅದೇ ಅದರ ಪ್ರೀತಿ ಎಂದು ದ್ರಾಕ್ಷಿಯ ಹೆಂಗಸು ವಿವರಿಸಿದಳು. ನನ್ನ ಹೆಂಡತಿ ಅಲ್ಲಾಡದೆ ನಿಂತಿದ್ದಳು. "ನೋಡ್ರೀ, ನನ್ನ ಮೇಲೆ ಭಾರ ಹಾಕ್ಬಿಟ್ಳು ಇವ್ಳು," ಎಂದಳು. ಆಗಲೇ 'ಇವಳು' ಆಗಿಹೋಗಿತ್ತು. ನಾನೂ ಹಾಗೇ ಬರೆಯುತ್ತೇನೆ.

ಮೂರು ವಾರದ ನಂತರ ಅವಳು ನಮ್ಮ ಮನೆಗೆ ಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಗಾಜಿನ ಬಾಗಿಲು ಎಂದರೇನು ಗೊತ್ತಿಲ್ಲ, ಮೂಗು ಜಜ್ಜಿಕೊಂಡಳು. ಕೂತುಕೊಳ್ಳಲು ಬರುವುದಿಲ್ಲ, ನಿಲ್ಲುತ್ತಾಳೆ ಇಲ್ಲವೇ ಮಲಗುತ್ತಾಳೆ. ಮೆಟ್ಟಿಲು ಹತ್ತಲು ಬರುವುದಿಲ್ಲ. ಹುಟ್ಟಿದಾಗಿನಿಂದ ಗೂಡು ಮತ್ತು ಓಟದ ಮೈದಾನ ಬಿಟ್ಟು ಬೇರೆ ಕಂಡವಳಲ್ಲ. ನಮ್ಮ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಗಳಿಗೆ ಹದಿಮೂರು ಮೆಟ್ಟಿಲಿತ್ತು. ಹೆಂಡತಿ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ, ಅವಳ ಒಂದೊಂದೇ ಕಾಲನ್ನು ಎತ್ತಿ ಒಂದೊಂದೇ ಮೆಟ್ಟಿಲ ಮೇಲೆ ಇಡುತ್ತಿದ್ದಳು. "ಇನ್ನೊಂದು. ಅಷ್ಟೇ. ಇನ್ನೊಂದೇ ಒಂದು," ಎನ್ನುತ್ತಿದ್ದಳು.

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ಅದು ನನ್ನ ಮಾತು. ಅಂದರೆ ನನಗೆ ಹೇಳಿದ ಮಾತು. ತಿಪಟೂರಿನ ಕಡೆಯ ಒಂದು ಚಿಕ್ಕ ಊರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ಬೆಳೆದವನು ನಾನು. ರಾತ್ರಿಶಾಲೆಗೆ ಸೇರಿದ್ದೇ ಹತ್ತೊಂಬತ್ತಕ್ಕೆ. ಮಂಡಿಯ ಎದುರಿನ ಮನೆಯಲ್ಲಿ ರೂಮು ಮಾಡಿಕೊಂಡು ನರ್ಸಿಂಗ್ ಓದುತ್ತಿದ್ದ ಹುಡುಗಿ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ನನಗೆ ಇಂಗ್ಲಿಷ್ ಸ್ಪೆಲಿಂಗ್ ಹೇಳಿಕೊಡುತ್ತಿದ್ದಳು. ನಾನು ತಪ್ಪಿ, ಪುಸ್ತಕ ಮುಚ್ಚಿ ಎದ್ದರೆ, "ಇನ್ನೊಂದು. ಅಷ್ಟೇ. ಇನ್ನೊಂದೇ ಒಂದು," ಎಂದು ಕೂರಿಸುತ್ತಿದ್ದಳು. ಇಪ್ಪತ್ತನಾಲ್ಕಕ್ಕೆ ಎಸ್ಸೆಸ್ಸೆಲ್ಸಿ ಪಾಸಾದೆ. ಆಮೇಲೆ ಅವಳನ್ನೇ ಮದುವೆಯಾದೆ. ಆ ತಾಳ್ಮೆ ನನ್ನೊಬ್ಬನಿಗೆ ಸೇರಿದ್ದು ಎಂದು ಅಷ್ಟು ವರ್ಷ ನಂಬಿದ್ದೆ.

ಇನ್ನು ಮಗಳು. ಆರು ವರ್ಷದವಳಾಗಿ ಪರ್ತ್‌ಗೆ ಬಂದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಎಷ್ಟು ಹೇಳಿದರೂ ಅಷ್ಟೇ. ಅದೇ ಮಗಳು ಈ ನಾಯಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿ, "ಯಾಕೋ ಬಂಗಾರ, ನಿದ್ದೆ ಬರ್ತಿಲ್ವಾ? ಹೊಟ್ಟೆ ತುಂಬ್ತಾ?" ಎಂದು ಕೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ಮನೆಯ ಕನ್ನಡವೆಲ್ಲ ನಾಯಿಗೆ ಹೋಗುತ್ತಿತ್ತು. ನನಗೆ ಉಳಿದದ್ದು 'ಯಾ ಅಪ್ಪ, ಓಕೆ ಅಪ್ಪ'.

ಇಷ್ಟಾದರೂ ಆ ನಾಯಿ ಒಂದು ಸಲ ನನಗೂ ಒರಗಿದ್ದರೆ ಸುಮ್ಮನಾಗುತ್ತಿದ್ದೆ. ಅವಳು ಒರಗಲಿಲ್ಲ. ಹೆಂಡತಿಗೆ ಒರಗಿದಳು, ಮಗಳಿಗೆ ಒರಗಿದಳು, ಪೋಸ್ಟ್ ತರುವವಳಿಗೆ ಒರಗಿದಳು. ನಾನು ಸಂಜೆ ಸ್ನಾನ ಮಾಡಿ ಬಂದು ಸೋಫಾದಲ್ಲಿ ಕೂತರೆ ಮಾತ್ರ ಎಲ್ಲಿ ಮಲಗಿದ್ದರೂ ಎದ್ದುಬಿಡುತ್ತಿದ್ದಳು. ಬಾಗಿಲ ಹತ್ತಿರ ಹೋಗಿ ಹಣೆಯನ್ನು ಬಾಗಿಲಿಗೆ ತಾಗಿಸಿ ನಿಲ್ಲುತ್ತಿದ್ದಳು. ಹಿಂಗಾಲು ಸಣ್ಣಗೆ ನಡುಗುತ್ತಿತ್ತು. ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಬಹುಶಃ ಗಂಡಸರ ಭಯ ಇರಬೇಕು, ಗೂಡಿನಲ್ಲಿ ಯಾರೋ ಹೊಡೆದಿರಬೇಕು ಎಂದು ಹೆಂಡತಿ ಮೊದಲು ಸಮಾಧಾನ ಹೇಳಿದಳು. ಆಮೇಲೆ ಅವಳ ಕೆಲಸ ಇಪ್ಸ್‌ವಿಚ್‌ನ ಆಸ್ಪತ್ರೆಗೆ ಬದಲಾಗಿ ನಾವು ದೇಶದ ಇನ್ನೊಂದು ತುದಿಗೆ, ಬ್ರಿಸ್ಬೇನ್ ಕಡೆಗೆ ಬಂದೆವು. ನಾಯಿ ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಬಂದು, ಒಂದು ವಾರ ಸರಿಯಾಗಿ ತಿನ್ನದೆ ಎಲ್ಲರನ್ನೂ ಅಳಿಸಿದಳು. ಇನ್ನು ಯಾವತ್ತೂ ಇವಳನ್ನು ವಿಮಾನ ಹತ್ತಿಸುವುದಿಲ್ಲ ಎಂದು ಹೆಂಡತಿ ಆಣೆ ಮಾಡಿದಳು. ಹೊಸ ಮನೆಯ ಪಕ್ಕದಲ್ಲಿ ಎಪ್ಪತ್ತೈದು ದಾಟಿದ ಒಬ್ಬ ಮುದುಕ ಇದ್ದ. ಬಂದ ಎರಡನೇ ದಿನವೇ ಅವನ ಕಾಲಿಗೆ ಒರಗಿದಳು. ಅಲ್ಲಿಗೆ ಗಂಡಸರ ಭಯದ ಮಾತು ಮುಗಿಯಿತು. ನಾನು ಮುಖ ಊದಿಸಿಕೊಂಡದ್ದನ್ನು ಕಂಡು ಹೆಂಡತಿ, "ನಿಮ್ಮ ಮೂತಿ ಅವಳಿಗೆ ಇಷ್ಟ ಇಲ್ಲ ಅನ್ಸುತ್ತೆ. ನಾನೇನ್ ಮಾಡ್ಲಿ. ನಂಗೂ ಮೊದ್ಮೊದಲು ಇಷ್ಟ ಇರ್ಲಿಲ್ಲ," ಎಂದಳು.

ನಾನು ಪ್ರಯತ್ನ ಬಿಡಲಿಲ್ಲ. ಇಪ್ಸ್‌ವಿಚ್‌ನಲ್ಲಿ ನನಗೆ ಗೋದಾಮಿನ ಕೆಲಸ, ದಿನವೆಲ್ಲ ಮರದ ಪ್ಯಾಲೆಟ್ ಮೇಲೆ ಸಾಮಾನು ಜೋಡಿಸುವುದು. ನನ್ನ ಬೆವರು ವಾಸನೆ ಅವಳಿಗೆ ಆಗುತ್ತಿಲ್ಲವೇನೋ ಎಂದು ಬಂದ ಕೂಡಲೇ ಸೋಪು ಹಾಕಿ ಉಜ್ಜಿ ಉಜ್ಜಿ ಸ್ನಾನ ಮಾಡುತ್ತಿದ್ದೆ. ಸ್ನಾನವಾದ ಮೇಲೆ ಬೆನ್ನಿಗೆ, ಸೊಂಟಕ್ಕೆ ನೋವಿನ ಬಾಮು. ಅದು ಕೋಲ್ಡ್ ಸ್ಟೋರೇಜಿನ ಕಾಲದಿಂದ ಬಂದ ಅಭ್ಯಾಸ. ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನ ಒಂದು ಚೀನಿ ಅಂಗಡಿಯಲ್ಲಿ ಕೆಂಪು ಮುಚ್ಚಳದ ಪುಟ್ಟ ಬಾಟಲಿ ಸಿಗುತ್ತಿತ್ತು, ಊರಿನ ಬಾಮಿಗಿಂತ ಎರಡರಷ್ಟು ಉರಿ. ಅದನ್ನು ಹಚ್ಚಿಕೊಂಡು, ಶುಭ್ರವಾದ ಬನಿಯನ್ ಹಾಕಿಕೊಂಡು, ಕೈಯಲ್ಲಿ ಬೇಯಿಸಿದ ಕೋಳಿ ಹಿಡಿದು ಅವಳ ಹತ್ತಿರ ಹೋಗಿ ಕೂರುತ್ತಿದ್ದೆ. ಅವಳು ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಕೋಳಿಯನ್ನು ತಟ್ಟೆಯಲ್ಲಿಟ್ಟು ಹೆಂಡತಿಗೆ ಕೊಟ್ಟರೆ ಅವಳ ಕೈಯಿಂದ ತಿನ್ನುತ್ತಿದ್ದಳು.

ಈ ವರ್ಷ ಮಗಳಿಗೆ ಅಡಿಲೇಡ್‌ನಲ್ಲಿ ಕಾಲೇಜು ಸಿಕ್ಕಿತು. ಅದೇ ಹೊತ್ತಿಗೆ ಹೆಂಡತಿಗೆ ವಾರಕ್ಕೆ ನಾಲ್ಕು ದಿನ ನೈಟ್ ಡ್ಯೂಟಿ ಬಿತ್ತು. ಅವಳು ಇಲ್ಲದ ಸಂಜೆಗಳಲ್ಲಿ ನಾಯಿ ಊಟ ಮುಟ್ಟದೆ, ನಾನು ಮಲಗಲು ಹೋಗುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದಳು. ಮೈ ಇಳಿದು ಪಕ್ಕೆಲುಬು ಕಾಣತೊಡಗಿತು. ತಾಯಿ ಮಗಳು ಫೋನಿನಲ್ಲಿ ಮಾತಾಡಿಕೊಂಡು, ನಾಯಿ ಅಡಿಲೇಡ್‌ನಲ್ಲಿ ಮಗಳ ಜೊತೆ ಇರಲಿ ಎಂದು ತೀರ್ಮಾನಿಸಿದರು. ಮಗಳು ಅದನ್ನು ನನಗೆ ಮೆತ್ತಗೆ ತಿಳಿಸಿದಳು. "ಇಟ್ಸ್ ನಾಟ್ ಯುವರ್ ಫಾಲ್ಟ್, ಅಪ್ಪ. ಶೀ ಜಸ್ಟ್ ಕಾಂಟ್ ರಿಲ್ಯಾಕ್ಸ್ ವಿತ್ ಯು."

ಹೋಗಲಿ ಬಿಡು, ಪೀಡೆ ತೊಲಗಿತು ಎಂದುಕೊಂಡೆ. ಎಂದುಕೊಂಡ ಮರುಕ್ಷಣವೇ ಲೆಕ್ಕ ಹಾಕಿದೆ. ಇವಳು ಹೋದರೆ ಹೋದ ಹಾಗೇ. ಎಂಟು ದಾಟಿದ ನಾಯಿ, ಇನ್ನೆಷ್ಟು ವರ್ಷ ಇದ್ದಾಳು. ಒಂದೇ ಒಂದು ಸಲ ನನಗೆ ಒರಗದೆ ಹೋಗಿಬಿಡುತ್ತಾಳೆ. ವಿಮಾನವಂತೂ ಇಲ್ಲ, ಹೆಂಡತಿಗೆ ರಜೆ ಇಲ್ಲ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದೆ. ಮೂರು ದಿನದ ದಾರಿ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಚಿತ್ರಾನ್ನ, ಚಪಾತಿ, ಉಪ್ಪಿನಕಾಯಿ ಕಟ್ಟಿಕೊಟ್ಟಳು. ತನ್ನ ಕಾರನ್ನೇ ಕೊಟ್ಟಳು.

ಮೊದಲ ದಿನ ಮೋಟೆಲ್ ಸೇರಿ ಬ್ಯಾಗು ಬಿಚ್ಚಿದರೆ ಬಾಮಿನ ಬಾಟಲಿ ಇಲ್ಲ. ಬಚ್ಚಲುಮನೆಯ ಕಿಟಕಿಯಲ್ಲೇ ಮರೆತು ಬಂದಿದ್ದೆ. ಬೈದುಕೊಂಡು ಬೆನ್ನಿಗೆ ಬಿಸಿನೀರು ಸುರಿದುಕೊಂಡೆ. ಅವತ್ತು ನಾಯಿ ನನ್ನ ಎದುರೇ ತಟ್ಟೆ ಖಾಲಿ ಮಾಡಿದಳು. ದಾರಿಯ ಹಸಿವಿರಬೇಕು ಎಂದುಕೊಂಡೆ. ಮಾರನೇ ದಿನ ಭಾನುವಾರ, ದಾರಿಯ ಊರುಗಳಲ್ಲಿ ಔಷಧಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮಧ್ಯಾಹ್ನ, ರಾತ್ರಿ ತಂಗಬೇಕಿದ್ದ ಬ್ರೋಕನ್ ಹಿಲ್‌ಗೆ ಇನ್ನೂ ದೂರವಿದ್ದಾಗ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಪಕ್ಕದ ತಗಡಿನ ನೆರಳಿನಲ್ಲಿ ನಿಂತು ಫ್ಲಾಸ್ಕಿನ ಟೀ ಬಗ್ಗಿಸಿಕೊಂಡೆ. ಬೆನ್ನು ಹಿಡಿದುಕೊಂಡಿತ್ತು, ಕೂತರೆ ಏಳಲಾಗುತ್ತಿರಲಿಲ್ಲ. ಸುತ್ತ ಕೆಂಪು ಮಣ್ಣು ಬಿಟ್ಟರೆ ಏನೂ ಇಲ್ಲ.

ಎಡಗಾಲಿಗೆ ಏನೋ ಬೆಚ್ಚಗೆ ತಾಗಿತು. ಬಗ್ಗಿ ನೋಡಿದೆ. ಅವಳು ಪಕ್ಕಕ್ಕೆ ತಿರುಗಿ ನಿಂತಿದ್ದಳು. ನಿಧಾನವಾಗಿ ಭಾರ ಬಂತು. ಮೊದಲು ಭುಜ, ಆಮೇಲೆ ಪಕ್ಕೆ, ಆಮೇಲೆ ಪೂರ್ತಿ. ಕೊಬ್ಬರಿ ಮಂಡಿಯಲ್ಲಿ ಹೊತ್ತ ಮೂಟೆಯ ಅರ್ಧ ಭಾರವೂ ಇರಲಿಲ್ಲ. ಅಲ್ಲಾಡಿದರೆ ಹೋಗಿಬಿಡುತ್ತಾಳೆ ಎಂದು ಅಲ್ಲಾಡಲಿಲ್ಲ. ಟೀ ಆರಿತು. ಒಂದು ಕೈಯಲ್ಲಿ ಫೋನ್ ತೆಗೆದು ಫೋಟೋ ಹೊಡೆದೆ. ಹೆಂಡತಿಗೆ ಕಳಿಸಲು ಹೋದವನು ಕಳಿಸಲಿಲ್ಲ. ಅವರಿಗೆ ಐದು ವರ್ಷ ಸಿಕ್ಕಿದೆ, ಇದೊಂದು ನನ್ನ ಹತ್ತಿರವೇ ಇರಲಿ ಎನಿಸಿತು. ಕಾರು ಹತ್ತಿದ ಮೇಲೆ ಇನ್ನೊಂದು ಯೋಚನೆಯೂ ಬಂತು. ವಾಪಸ್ ತಿರುಗಿಸಿದರೆ? ಸ್ವಲ್ಪ ಹೊತ್ತು ಎಂಜಿನ್ ಶುರು ಮಾಡದೆ ಕೂತಿದ್ದೆ. ಆಮೇಲೆ ಮುಂದಕ್ಕೇ ಹೋದೆ.

ಮೂರನೇ ದಿನ ಅಡಿಲೇಡ್. ಮಗಳದ್ದು ಒಂದು ಹಳೇ ಮನೆಯ ಹಿಂಭಾಗದ ಎರಡು ಕೋಣೆ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಸಿಂಕಿನಲ್ಲಿ ಒಂದು ತಟ್ಟೆ, ಒಂದು ಲೋಟ. ನಾನು ಕುರ್ಚಿಯಲ್ಲಿ ಕೂತೆ, ನಾಯಿ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದಳು. ಮಗಳು ಬಾಗಿಲಲ್ಲೇ ನಿಂತು ಬಾಯಿ ತೆರೆದು ನೋಡಿದಳು. ಅವಳ ಮುಖದಲ್ಲಿ ಕಂಡದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಭಾವ. ಅದು ಹೊಟ್ಟೆಕಿಚ್ಚು. ನನಗೆ ಖುಷಿಯಾಯಿತು. ತಂದೆಯಾದವನು ಹಾಗೆ ಖುಷಿಪಡಬಾರದು, ಆದರೂ ಆಯಿತು.

ನಾನು ಬೆನ್ನು ನೀವಿಕೊಳ್ಳುವುದನ್ನು ಕಂಡು ಮಗಳು ಒಳಗಿಂದ ಒಂದು ಬಾಟಲಿ ತಂದಳು. ಕೆಂಪು ಮುಚ್ಚಳ. ಅವಳು ಹೊರಡುವ ದಿನ ನಾನೇ ಅವಳ ಬ್ಯಾಗಿನಲ್ಲಿ ತುರುಕಿದ್ದೆ. ಸೀಲು ಕೂಡ ಒಡೆದಿರಲಿಲ್ಲ. ಒಡೆದು ಮುಚ್ಚಳ ತಿರುಗಿಸಿದಳು.

ನನ್ನ ಪಾದದ ಮೇಲಿನ ತಲೆ ಎದ್ದಿತು. ಕಿವಿ ನೆಟ್ಟಗಾಯಿತು. ಅವಳು ಎದ್ದು ಬಾಗಿಲಿಗೆ ಹೋಗಿ, ಹಣೆಯನ್ನು ಬಾಗಿಲಿಗೆ ತಾಗಿಸಿ ನಿಂತಳು. ಹಿಂಗಾಲು ನಡುಗತೊಡಗಿತು.

ಇಬ್ಬರೂ ಬಾಟಲಿ ನೋಡಿದೆವು, ನಾಯಿ ನೋಡಿದೆವು. "ಅಪ್ಪ, ಇಟ್ಸ್ ದಿಸ್," ಎಂದಳು ಮಗಳು. ಮುಚ್ಚಿ ಹೊರಗೆ ಇಟ್ಟು ಬರಲು ಹೇಳಿದೆ. ಅವಳು ಸ್ವಾನ್ ವ್ಯಾಲಿಯ ಹೆಂಗಸಿಗೆ ಮೆಸೇಜು ಮಾಡಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಇವಳು ಓಡುತ್ತಿದ್ದ ಕಾಲದಲ್ಲಿ ಪ್ರತಿ ಓಟದ ಮುಂಚೆ ತೊಡೆಗಳಿಗೆ ಅಂಥದ್ದೇ ಉರಿ ಬರುವ ಎಣ್ಣೆ ತಿಕ್ಕಿ, ಆಮೇಲೆ ಓಟ ಶುರುವಾಗುವ ಕಡೆಯ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಿದ್ದರಂತೆ. ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ ಓಡಬೇಕು.

ನಾನು ದಿನಾ ಸಂಜೆ ಸ್ನಾನ ಮಾಡಿ ಅದನ್ನೇ ಹಚ್ಚಿಕೊಂಡು ಅವಳ ಪಕ್ಕ ಕೂರುತ್ತಿದ್ದೆ. ಅವಳು ದಿನಾ ಸಂಜೆ ಎದ್ದು, ಓಡಲು ತಯಾರಾಗಿ, ಬಾಗಿಲು ತೆರೆಯುವುದನ್ನು ಕಾಯುತ್ತಿದ್ದಳು. ಐದು ವರ್ಷ. ನಾನು ಅವಳ ಮೇಲೆ ಮುಖ ಊದಿಸಿಕೊಂಡು ಟಿವಿ ನೋಡುತ್ತಿದ್ದೆ.

ನಾಯಿ ನಡುಕ ನಿಂತ ಮೇಲೆ ಬಂದು ಮಗಳ ಕಾಲಿಗೆ ಒರಗಿದಳು. ಮಗಳ ಕೈ ಅವಳ ಕತ್ತಿನ ಪಟ್ಟಿಯೊಳಗೆ ಹೋಗಿ ಬಿಗಿಯಾಗಿ ಹಿಡಿದುಕೊಂಡಿತು. ಹಾಗೆ ಹಿಡಿದುಕೊಂಡೇ ಕೇಳಿದಳು.

"ನೀನು ವಾಪಸ್ ಕರ್ಕೊಂಡು ಹೋಗ್ತೀಯಾ ಅಪ್ಪ? ಈಗ ಅವ್ಳು ನಿನ್ನ ಹತ್ರ ಇರ್ತಾಳೆ."

ಕನ್ನಡದಲ್ಲಿ ಕೇಳಿದಳು. ಹೂಂ ಎನ್ನಬೇಕು ಎಂದು ಬಾಯಿಗೆ ಬಂದಿತ್ತು. ಬಿಚ್ಚದ ಪೆಟ್ಟಿಗೆಗಳನ್ನು ನೋಡಿದೆ, ಆ ಒಂದು ತಟ್ಟೆ ನೋಡಿದೆ.

"ಬೇಡ ಮಗಳೇ. ಇಲ್ಲೇ ಇರ್ಲಿ. ನಿಂಗೂ ಯಾರಾದ್ರೂ ಬೇಕಲ್ಲ," ಎಂದೆ.

ಮಾರನೇ ಬೆಳಿಗ್ಗೆ ಹೊರಡುವಾಗ ನಾಯಿ ಗೇಟಿನ ತನಕ ಬಂದು ನನ್ನ ಕಾಲಿಗೆ ಒಂದು ನಿಮಿಷ ಒರಗಿದಳು. ಆಮೇಲೆ ಮಗಳ ಹತ್ತಿರ ಹೋಗಿ ಒರಗಿದಳು. ಕನ್ನಡಿಯಲ್ಲಿ ಅವರಿಬ್ಬರನ್ನು ನೋಡುತ್ತಾ ಆ ರಸ್ತೆ ದಾಟುವಾಗ ಹಳೇ ಹೊಟ್ಟೆಕಿಚ್ಚು ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಮುಂಚೆ ನನಗೆ ಸಿಗದ್ದರ ಮೇಲೆ ಇತ್ತು. ಈಗ ಸಿಕ್ಕಿ ಬಿಟ್ಟು ಬಂದದ್ದರ ಮೇಲೆ.

ಈಗ ಮಗಳು ವೀಡಿಯೋ ಕಾಲ್ ಮಾಡುತ್ತಾಳೆ. ಮೊನ್ನೆ ಅವಳ ಕ್ಲಾಸಿನ ಯಾವನೋ ಹುಡುಗನ ಕಾಲಿಗೆ ನಾಯಿ ಒರಗಿ ನಿಂತದ್ದು ಕಂಡಿತು. ಆ ಹುಡುಗನ ಮೇಲೆ ನನಗೆ ಎರಡೆರಡು ಸಿಟ್ಟು ಬಂತು.

ಬಾಮಿನ ಬಾಟಲಿಗಳನ್ನೆಲ್ಲ ಎಸೆದಿದ್ದೇನೆ. ಸಂಜೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಹಲ್ಲು ಕಚ್ಚಿ ಕೂರುತ್ತೇನೆ. ಸೋಫಾದ ಕವರು, ಕರ್ಟನ್ನು ಎಲ್ಲ ಎರಡೆರಡು ಸಲ ಒಗೆದಾಯಿತು. ನಾಯಿಯೇ ಇಲ್ಲ, ಹಚ್ಚಿಕೊಂಡರೆ ಏನಂತೆ, ಯಾಕೆ ಹೀಗೆ ನರಳುತ್ತೀರಿ ಎಂದು ಹೆಂಡತಿ ಕೇಳಿದಳು. ಡಿಸೆಂಬರ್ ರಜೆಗೆ ಮಗಳು, ನಾಯಿ ಇಬ್ಬರೂ ಬರುತ್ತಾರಲ್ಲ, ಮನೆಯಿಂದ ಆ ವಾಸನೆ ಪೂರ್ತಿ ಹೋಗಲು ಸಮಯ ಬೇಕು ಎಂದೆ. ಅವಳು ಹೋಗಿ, ಚೀಲದ ನೀರು ಬದಲಾಯಿಸಿ ತಂದುಕೊಟ್ಟಳು.